ಕ್ಯಾಕೊ-2 ಪದರಕ್ಕೆ ಎಲ್‌ಪಿಎಸ್ ಹಾಕಿದ್ರೂ ಟೀರ್ ಇಳೀತಿಲ್ಲ, ಎಲ್ಲಿ ಎಡವಟ್ಟು?

#1 ಪಿಪೆಟ್_ಪುಟ್ಟ
ಎಲ್ಲರಿಗೂ ನಮಸ್ಕಾರ. ‘ಸೋರುವ ಕರುಳಿನ’ ಮಾದರಿ ಕಟ್ಟಬೇಕಿದೆ. ಸೆಟಪ್ ಹೀಗಿದೆ: ಕ್ಯಾಕೊ-2 ಕೋಶ (ಮನುಷ್ಯರ ದೊಡ್ಡಕರುಳಿನ ಕ್ಯಾನ್ಸರ್‌ನಿಂದ ಬಂದದ್ದು), ಪ್ಯಾಸೇಜ್ 38 (ಅಷ್ಟು ಸಲ ಮರುಬೆಳೆಸಿದ್ದು). 12 ಗುಳಿಯ ಪ್ಲೇಟಿನ ಟ್ರಾನ್ಸ್‌ವೆಲ್ (ಗುಳಿಯೊಳಗೆ ಕೂರುವ, ತಳದಲ್ಲಿ ರಂಧ್ರದ ಪೊರೆಯ ಇನ್ಸರ್ಟ್; ಪದರಕ್ಕೆ ಮೇಲ್ಬದಿ, ಕೆಳಬದಿ ಎರಡೂ ಸಿಗುತ್ತೆ), 0.4 ಮೈಕ್ರಾನ್ ರಂಧ್ರ. ಚದರ ಸೆಂಟಿಮೀಟರಿಗೆ 1 ಲಕ್ಷ ಕೋಶ. ಮೀಡಿಯಂ ಡಿಎಂಇಎಂ, ಶೇ. 10 ಎಫ್‌ಬಿಎಸ್ (ಕರುವಿನ ಸೀರಂ). 21 ದಿನ, ದಿನ ಬಿಟ್ಟು ದಿನ ಮೀಡಿಯಂ ಬದಲು. ಆಮೇಲೆ ಮೇಲ್ಬದಿಗೆ ಇ. ಕೋಲೈ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಗೋಡೆಯ ಅಣು), ಮಿಲಿಲೀಟರಿಗೆ 1 ಮೈಕ್ರೋಗ್ರಾಂ, 24 ಗಂಟೆ.

ಟೀರ್ (ಪದರದ ವಿದ್ಯುತ್ ತಡೆ, ಪದರ ಸೋರಿದರೆ ಇಳಿಯುತ್ತೆ) 620 ಇದ್ದದ್ದು 610 ಆಯ್ತು, ಅಷ್ಟೆ. ಉರಿಯೂತದ ಸಂಕೇತ ಐಎಲ್-8 ಅಳೆಯುವ ಎಲೈಸಾದಲ್ಲಿ ಕಂಟ್ರೋಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. 10 ಮೈಕ್ರೋಗ್ರಾಂಗೆ ಏರಿಸಿದರೂ ಅದೇ ಹಾಡು. ಎಲ್‌ಪಿಎಸ್ ಸತ್ತಿದೆಯಾ, ಕೋಶ ಕೆಟ್ಟಿದೆಯಾ, ಮೀಟರ್ ಕೈಕೊಟ್ಟಿದೆಯಾ?

#2 ಪದರ_ಪಂಡಿತ
ಯಾವುದೂ ಕೆಟ್ಟಿಲ್ಲ. ನೀವು ತಟ್ಟಿದ ಬಾಗಿಲು ಬೇರೆ, ಕಿವಿ ಇರೋ ಬಾಗಿಲು ಬೇರೆ.

ಕರುಳಿನ ಒಳಗೆ ಹುಟ್ಟಿದಂದಿನಿಂದ ಬ್ಯಾಕ್ಟೀರಿಯಾ ತುಂಬಿರುತ್ತೆ. ಅವುಗಳ ಎಲ್‌ಪಿಎಸ್ ತಾಗಿದಾಗಲೆಲ್ಲ ಪದರ ಬೊಬ್ಬೆ ಹಾಕಿದ್ರೆ ಮನುಷ್ಯ ಬದುಕೋ ಹಾಗಿಲ್ಲ. ಅದಕ್ಕೇ ಈ ಕೋಶಗಳು ಎಲ್‌ಪಿಎಸ್ ಗುರುತಿಸೋ ಗ್ರಾಹಕ ಟಿಎಲ್‌ಆರ್4 ಅನ್ನೂ ಅದರ ಜೊತೆಗಾರ ಎಂಡಿ-2 ಅನ್ನೂ ತೀರಾ ಕಡಿಮೆ ಇಟ್ಟುಕೊಂಡಿರ್ತವೆ. ಎಂಡಿ-2 ಇಲ್ಲದೆ ಟಿಎಲ್‌ಆರ್4ಗೆ ಎಲ್‌ಪಿಎಸ್ ಹಿಡಿಯೋಕೆ ಬರಲ್ಲ. ಮೇಲೆ ಟಾಲಿಪ್, ಎ20 ಥರದ ಬ್ರೇಕುಗಳು ಬೇರೆ. ಕ್ಯಾಕೊ-2 ಈ ವಿಷಯದಲ್ಲಿ ಹೆಸರುವಾಸಿ ಕಿವುಡು. ಡೋಸ್ ಹತ್ತು ಪಟ್ಟು ಏರಿಸಿದ್ರೆ ಆಗೋದು ಒಂದೇ: ಮಾಮೂಲಿ ಎಲ್‌ಪಿಎಸ್‌ನಲ್ಲಿ ಕಲಬೆರಕೆಯಾಗಿರೋ ಲಿಪೊಪ್ರೋಟೀನ್ ಬೇರೊಂದು ಗ್ರಾಹಕ ಟಿಎಲ್‌ಆರ್2 ಮೂಲಕ ಏನಾದ್ರೂ ಗದ್ದಲ ಎಬ್ಬಿಸಬಹುದು, ನೀವು ಅದನ್ನ ಎಲ್‌ಪಿಎಸ್ ಲೆಕ್ಕಕ್ಕೆ ಬರ್ಕೋತೀರಿ.

#3 ಅಂಕಿಅಂಶ_ಅಯ್ಯ
620 ಓಮೋ, ಓಮ್-ಚದರ ಸೆಂಟಿಮೀಟರೋ?

#4 ಪಿಪೆಟ್_ಪುಟ್ಟ
ಮೀಟರಿನಲ್ಲಿ ಕಂಡದ್ದು ಸರ್. ಖಾಲಿ ಇನ್ಸರ್ಟ್ 130 ತೋರಿಸುತ್ತೆ.

#5 ಅಂಕಿಅಂಶ_ಅಯ್ಯ
ಹಾಗಾದ್ರೆ ಅದು ಟೀರ್ ಅಲ್ಲ, ಬರೀ ಓದು. ಖಾಲಿ ಇನ್ಸರ್ಟಿನದ್ದು ಕಳೆದು ಪದರದ ವಿಸ್ತೀರ್ಣದಿಂದ ಗುಣಿಸಬೇಕು. 12 ಗುಳಿಯ ಇನ್ಸರ್ಟಿಗೆ 1.12 ಚದರ ಸೆಂ.ಮೀ. (620 − 130) × 1.12 = 548.8. ಕ್ಯಾಕೊ-2ಗೆ ಇದು ಒಳ್ಳೇ ಪದರ.

ಭಾಗಿಸೋರು ಇದ್ದಾರೆ, ಅದಕ್ಕೇ ಒತ್ತಿ ಹೇಳ್ತಿರೋದು. ವಿಸ್ತೀರ್ಣ ಹೆಚ್ಚಾದಷ್ಟೂ ವಿದ್ಯುತ್ತಿಗೆ ದಾರಿ ಹೆಚ್ಚು, ಓದು ಕಮ್ಮಿ. ಹಾಗಾಗಿ ಗುಣಿಸಿದಾಗ ಮಾತ್ರ 24 ಗುಳಿಯದ್ದನ್ನ (0.33) 6 ಗುಳಿಯದ್ದರ (4.67) ಜೊತೆ ಹೋಲಿಸೋಕೆ ಆಗುತ್ತೆ. 12 ಗುಳಿಯದ್ದರಲ್ಲಿ ಭಾಗಿಸಿದ್ರೂ ಗುಣಿಸಿದ್ರೂ ಉತ್ತರ ಹತ್ತಿರ ಹತ್ತಿರ ಬರೋದ್ರಿಂದ ತಪ್ಪು ಕಣ್ಣಿಗೆ ಬೀಳಲ್ಲ. 24 ಗುಳಿಗೆ ಹೋದಾಗ ಒಂಬತ್ತು ಪಟ್ಟು ಹೆಚ್ಚು ಬಂದು ನಗೆಪಾಟಲಾಗುತ್ತೆ.

#6 ಹುಬ್ಬಳ್ಳಿ_ಹಿಸ್ಟೋ
620 ಇದ್ದದ್ದು 610 ಅಂದ್ರ ಬದಲಾವಣೆನೇ ಅಲ್ರಿ ಅದು, ಕೈ ನಡುಗಿದ್ರ ಅಷ್ಟು ಆಗ್ತದ. ಟೀರ್ ಓದೂಮುಂದ ಮೂರು ಸಂಗತಿ ನೋಡ್ರಿ.

ಇನ್‌ಕ್ಯುಬೇಟರ್‌ನಿಂದ ಹೊರಗ ತಗದ ಕೂಡ್ಲೆ ಓದಬ್ಯಾಡ್ರಿ. ಮೀಡಿಯಂ ತಣ್ಣಗಾದಂಗ ಓದು ಏರ್ತದ. ಪ್ರತಿ ಸಲ ಒಂದೇ ಹೊತ್ತು, ಅಂದ್ರ 20 ನಿಮಿಷ ಕೋಣೆಯ ಉಷ್ಣತೆಯೊಳಗ ಇಟ್ಟು ಓದ್ರಿ. ಮೊದಲನೇ ಗುಳಿಗೂ ಕಡೇ ಗುಳಿಗೂ ನಡುವ ಹತ್ತು ನಿಮಿಷ ಹಿಡಿದ್ರ ಅದೂ ವ್ಯತ್ಯಾಸ ಮಾಡ್ತದ.

ಕಡ್ಡಿ ಎಲೆಕ್ಟ್ರೋಡ್ ನೆಟ್ಟಗ ಹಿಡೀರಿ, ಉದ್ದನ ಕಾಲು ಹೊರಗಿನ ಗುಳಿಯ ತಳಕ್ಕ ತಾಗಬೇಕು, ಗಿಡ್ಡನ ಕಾಲು ಪದರಕ್ಕ ತಾಗಬಾರದು. ಗೀರು ಬಿತ್ತಂದ್ರ ಆ ಇನ್ಸರ್ಟ್ ಮುಗೀತು. ಶೇ. 70 ಆಲ್ಕೊಹಾಲಿನ್ಯಾಗ ಹದಿನೈದು ನಿಮಿಷ ಅದ್ದಿ, ಮೀಡಿಯಂನ್ಯಾಗ ತೊಳದು ಆಮ್ಯಾಲೆ ಹಾಕ್ರಿ. ತೊಳೀಲಿಲ್ಲಂದ್ರ ಆಲ್ಕೊಹಾಲಿಗೇ ಟೈಟ್ ಜಂಕ್ಷನ್ (ಕೋಶ-ಕೋಶದ ನಡುವಿನ ಬಿಗಿ ಬೆಸುಗಿ) ಸಡಿಲ ಆಗ್ತಾವ.

ಮೀಡಿಯಂ ಬದಲು ಮಾಡಿದ ಮ್ಯಾಲೆ ಕೆಲವು ತಾಸು ಟೀರ್ ಕುಣೀತಿರ್ತದ. ಓದಿ ಆಮ್ಯಾಲೆ ಬದಲು ಮಾಡ್ರಿ, ಬದಲು ಮಾಡಿ ಓದಬ್ಯಾಡ್ರಿ.

#7 ಕಡಲತಡಿ_ಸೈಟೊಕೈನ್
ಪಂಡಿತರು ಹೇಳಿದ್ದು ಅರ್ಧ ಸರಿ. ಎಲ್‌ಪಿಎಸ್‌ಗೆ ಕ್ಯಾಕೊ-2 ಪೂರ್ತಿ ಕಿವುಡು ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಮಿಲಿಲೀಟರಿಗೆ 1 ನ್ಯಾನೊಗ್ರಾಂ ಅಥವಾ ಅದಕ್ಕೂ ಕಡಿಮೆ, ಕೆಳಬದಿಗೆ, ಐದು ದಿನ ಇಟ್ಟರೆ ಪದರ ಸೋರ್ತದೆ ಅಂತ ತೋರಿಸಿದ ಕೆಲಸ ಉಂಟು, ಟಿಎಲ್‌ಆರ್4 ಮತ್ತು ಅದರ ಸಹಾಯಕ ಸಿಡಿ14 ಮೂಲಕವೇ. ಅದು ರಕ್ತದಲ್ಲಿ ಕಾಣುವಂಥ ಪ್ರಮಾಣ. ನೀವು ಸಾವಿರ ಪಟ್ಟು ಹಾಕಿ, ಬದಿ ತಪ್ಪಿಸಿ, ಒಂದೇ ದಿನದಲ್ಲಿ ನೋಡಿದ್ರಿ.

#8 ಪದರ_ಪಂಡಿತ
ಒಪ್ಪಿದೆ, ‘ಮೇಲ್ಬದಿಗೆ ಕಿವುಡು’ ಅಂತ ತಿದ್ದಿಕೊಳ್ಳಿ. ಆದ್ರೆ ಐದು ದಿನದ ಪ್ರಯೋಗಕ್ಕೆ ಎಫ್‌ಬಿಎಸ್‌ನಲ್ಲೇ ಇರೋ ಎಂಡೊಟಾಕ್ಸಿನ್ (ಅಂದ್ರೆ ಎಲ್‌ಪಿಎಸ್ಸೇ) ಎಷ್ಟು ಅಂತ ನೋಡದೆ ಕೈ ಹಾಕಬಾರದು. ಕೆಲವು ಲಾಟ್‌ಗಳಲ್ಲಿ ಅದೇ ಆ ಪ್ರಮಾಣಕ್ಕೆ ಬಂದುಬಿಡುತ್ತೆ.

#9 ಮಂಡ್ಯದ_ಮ್ಯೂಕಸ್
ಬದಿ ಬದಿ ಅಂತಿದೀರಲ್ಲ, ಹೊಸಬರಿಗೆ ಅರ್ಥ ಆಗೋ ಹಂಗೆ ಯಾರಾದ್ರೂ ಬಿಡಿಸಿ ಹೇಳಿ ಬುಡಿ.

#10 ಕಡಲತಡಿ_ಸೈಟೊಕೈನ್
ಹೇಳ್ತೇನೆ. ಪದರದ ಪ್ರತಿ ಕೋಶಕ್ಕೂ ಎರಡು ಮುಖ. ಒಂದು ಆಹಾರ, ಬ್ಯಾಕ್ಟೀರಿಯಾ ಇರುವ ಕಡೆಗೆ, ಇನ್ನೊಂದು ರಕ್ತನಾಳ, ರೋಗನಿರೋಧಕ ಕೋಶ ಇರುವ ಕಡೆಗೆ. ನಡುವೆ ಟೈಟ್ ಜಂಕ್ಷನ್ ಬೇಲಿ. ಗ್ರಾಹಕಗಳು ಎರಡು ಮುಖದಲ್ಲಿ ಒಂದೇ ಸಮ ಹಂಚಿ ಹೋಗಿಲ್ಲ.

ಚಂದದ ಉದಾಹರಣೆ ಟಿಎಲ್‌ಆರ್5. ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್ ಫ್ಲಾಜೆಲಿನ್ ಗುರುತಿಸುವುದು ಅದು. ಟಿ84 ಅನ್ನುವ ಇನ್ನೊಂದು ಕರುಳಿನ ಕೋಶದ ಪದರದಲ್ಲಿ 2001ರಲ್ಲೇ ತೋರಿಸಿದ್ದಾರೆ: ಶುದ್ಧ ಫ್ಲಾಜೆಲಿನ್ ಮೇಲಿಂದ ಹಾಕಿದರೆ ಎಂತ ಸಹ ಇಲ್ಲ, ಕೆಳಗಿಂದ ಹಾಕಿದರೆ ಐಎಲ್-8 ಧಾರಾಳ. ಫ್ಲಾಜೆಲಿನ್ ಕೆಳಗೆ ಬಂತು ಅಂದರೆ ಬೇಲಿ ಹಾರಿ ಯಾರೋ ಒಳಗೆ ಬಂದರು ಅಂತಲೇ ಅರ್ಥ, ಆಗ ಕೂಗು ಹಾಕ್ಬೇಕು.

ಇನ್ನೂ ಸೋಜಿಗದ್ದು ಟಿಎಲ್‌ಆರ್9. ಬ್ಯಾಕ್ಟೀರಿಯಾದ ಡಿಎನ್‌ಎ ಕೆಳಬದಿಗೆ ತಾಗಿದರೆ ಐಕಪ್ಪಾಬಿ-ಆಲ್ಫಾ ಅನ್ನುವ ತಡೆ ಒಡೆದು ಎನ್‌ಎಫ್-ಕಪ್ಪಾಬಿ (ಉರಿಯೂತದ ಜೀನುಗಳನ್ನು ಎಬ್ಬಿಸುವ ಪ್ರೋಟೀನ್) ಏಳ್ತದೆ. ಅದೇ ಮೇಲ್ಬದಿಗೆ ತಾಗಿದರೆ ಐಕಪ್ಪಾಬಿ ಒಡೆಯದೆ ಶೇಖರ ಆಗ್ತದೆ, ಉರಿಯೂತದ ಸಂಕೇತ ತಗ್ಗುತ್ತದೆ. ಒಂದೇ ಅಣು, ಒಂದೇ ಗ್ರಾಹಕ, ಬದಿ ಬೇರೆ, ಫಲಿತಾಂಶ ತದ್ವಿರುದ್ಧ. 2006ರಲ್ಲಿ ಇದು ಬಂದಾಗಿನಿಂದ ‘ಬ್ಯಾಕ್ಟೀರಿಯಾ ಕೆಟ್ಟದ್ದು, ಸಂಕೇತ ಕೆಟ್ಟದ್ದು’ ಅನ್ನುವ ಮಾತಿಗೆ ಬೆಲೆ ಇಲ್ಲ.

#11 ಸ್ಟ್ಯಾಟ್3
ಪುಟ್ಟ, ಸೋರುವ ಪದರ ಬೇಕಾದ್ರೆ ಎಲ್‌ಪಿಎಸ್ ಬಿಡಿ. ನಂಬಬಹುದಾದ ದಾರಿ ಇಂಟರ್‌ಫೆರಾನ್-ಗಾಮಾ, ಅದರ ಹಿಂದೆ ಟಿಎನ್‌ಎಫ್-ಆಲ್ಫಾ. ಎರಡೂ ಸೈಟೊಕೈನ್, ಅಂದ್ರೆ ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನ್. ಕ್ರೋನ್ಸ್ ಕಾಯಿಲೆಯ (ಕರುಳಿನ ದೀರ್ಘಕಾಲದ ಉರಿಯೂತ) ಕರುಳಲ್ಲಿ ಪದರದ ಕೆಳಗೆ ಇರೋದೂ ಇವೇ.

ಕೆಳಬದಿಯ 1.5 ಮಿ.ಲೀ.ಗೆ ಇಂಟರ್‌ಫೆರಾನ್-ಗಾಮಾ, ಮಿಲಿಲೀಟರಿಗೆ 10 ನ್ಯಾನೊಗ್ರಾಂ, 18ರಿಂದ 24 ಗಂಟೆ. ಮೇಲ್ಬದಿಯ 0.5 ಮಿ.ಲೀ. ಮುಟ್ಟಬೇಡಿ. ಮರುದಿನ ಟೀರ್ ಓದಿ, ಕೆಳಬದಿಗೇ ಟಿಎನ್‌ಎಫ್, 2.5ರಿಂದ 10 ನ್ಯಾನೊಗ್ರಾಂ. 2, 4, 6, 8 ಗಂಟೆಗೆ ಓದಿ. ಇಳಿಕೆ ಅದರೊಳಗೇ ಕಾಣುತ್ತೆ.

#12 ತಾಳ್ಮೆ_ಇಲ್ಲ
ಎರಡನ್ನೂ ಒಟ್ಟಿಗೆ 100 ನ್ಯಾನೊಗ್ರಾಂ ಹಾಕಿ 48 ಗಂಟೆ ಬಿಟ್ರೆ ಸಾಕು, ಟೀರ್ ನೆಲ ಕಚ್ಚುತ್ತೆ. ಇಷ್ಟೆಲ್ಲ ಶಾಸ್ತ್ರ ಯಾಕೆ?

#13 ಸ್ಟ್ಯಾಟ್3
ನೆಲ ಕಚ್ಚುತ್ತೆ, ನಿಜ, ಕೋಶ ಸತ್ತು. ಸತ್ತ ಕೋಶದ ಜಾಗದಲ್ಲಿ ತೂತು ಬಿದ್ದದ್ದನ್ನ ‘ಸಂಕೇತದಿಂದ ಬೇಲಿ ಸಡಿಲವಾಯ್ತು’ ಅಂತ ಬರೆಯೋಕಾಗಲ್ಲ.

ಕ್ರಮಕ್ಕೆ ಕಾರಣ ಇದೆ. ಸುಮ್ಮನಿರೋ ಕ್ಯಾಕೊ-2ನಲ್ಲಿ ಟಿಎನ್‌ಎಫ್ ಗ್ರಾಹಕ-2 ಕಡಿಮೆ. ಇಂಟರ್‌ಫೆರಾನ್ ಅದನ್ನ ಹೆಚ್ಚಿಸುತ್ತೆ. ಆಮೇಲೆ ಬರೋ ಟಿಎನ್‌ಎಫ್ ಆ ಗ್ರಾಹಕದ ಮೂಲಕ ಮಯೊಸಿನ್ ಲೈಟ್ ಚೈನ್ ಕೈನೇಸ್, ಅಂದ್ರೆ ಎಂಎಲ್‌ಸಿಕೆ, ಹೆಚ್ಚಿಸುತ್ತೆ. ಎಂಎಲ್‌ಸಿಕೆ ಮಯೊಸಿನ್ ಲೈಟ್ ಚೈನಿಗೆ ಫಾಸ್ಫೇಟ್ ಅಂಟಿಸುತ್ತೆ, ಜಂಕ್ಷನ್ ಸುತ್ತಲಿನ ಆಕ್ಟಿನ್-ಮಯೊಸಿನ್ ಪಟ್ಟಿ ಲಾಡಿ ಎಳೆದ ಹಾಗೆ ಬಿಗಿಯುತ್ತೆ, ಜಂಕ್ಷನ್ನಿನ ಪ್ರೋಟೀನ್ ಆಕ್ಲೂಡಿನ್ ಕೋಶದ ಒಳಕ್ಕೆ ಸರಿಯುತ್ತೆ, ಜಂಕ್ಷನ್ ಸೋರುತ್ತೆ. ಕೋಶ ಬದುಕೇ ಇರುತ್ತೆ. ಕೈನೇಸ್ ತಡೆದರೆ ಸೋರಿಕೆ ವಾಪಸ್ ಕಡಿಮೆಯಾಗುತ್ತೆ, ಅದೇ ಇದರ ಪುರಾವೆ. ಅದನ್ನ ತಡೆಯೋ ಎಂಎಲ್-7, 10 ಮೈಕ್ರೋಮೋಲಾರ್ ಹಾಕಿ ನೋಡಬಹುದು. ಅದು ಬೇರೆ ಕೈನೇಸ್‌ಗಳನ್ನೂ ಸ್ವಲ್ಪ ಕೆಣಕುತ್ತೆ, ಹಾಗಾಗಿ ಎಂಎಲ್-7 ಮಾತ್ರ ಹಾಕಿದ ಗುಳಿಯೂ ಇರಲಿ. ಕೋಶ ಸತ್ತಿಲ್ಲ ಅಂತ ತೋರಿಸೋಕೆ ಅದೇ ಮೀಡಿಯಂನಲ್ಲಿ ಎಲ್‌ಡಿಎಚ್ (ಕೋಶ ಒಡೆದಾಗ ಹೊರಬರೋ ಕಿಣ್ವ) ಅಳೀರಿ.

#14 ತಾಳ್ಮೆ_ಇಲ್ಲ
ಸರಿ ಗುರುವೇ, ಸೋತೆ. ಆದ್ರೆ 2.5 ನ್ಯಾನೊಗ್ರಾಂ ಅಳೆಯೋದು ಹೇಗೆ ಸ್ವಾಮಿ, ಪಿಪೆಟ್ ಇಷ್ಟು ಸಣ್ಣದಿಲ್ಲ.

#15 ಅಂಕಿಅಂಶ_ಅಯ್ಯ
ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸ್ಟಾಕ್‌ನಿಂದ ಒಂದು ಗುಳಿಗೆ 0.375 ಮೈಕ್ರೋಲೀಟರ್ ಬೇಕಾಗುತ್ತೆ. ಅದನ್ನ ಯಾರೂ ಸರಿಯಾಗಿ ಎಳೆಯಲಾರರು. ಮೊದಲು ಸ್ಟಾಕನ್ನ ಮೀಡಿಯಂನಲ್ಲಿ ನೂರು ಪಟ್ಟು ತೆಳು ಮಾಡಿ, ಅದರಿಂದ ಗುಳಿಗೆ 37.5 ಮೈಕ್ರೋಲೀಟರ್. ಸ್ಟಾಕ್ ಇಡುವಾಗ ಶೇ. 0.1 ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಇಲ್ಲಾಂದ್ರೆ ಸೈಟೊಕೈನ್ ಟ್ಯೂಬಿನ ಗೋಡೆಗೇ ಅಂಟಿಕೊಳ್ಳುತ್ತೆ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ. ಒಮ್ಮೆ ಕರಗಿಸಿದ್ದನ್ನ ಮತ್ತೆ ಗಡ್ಡೆ ಕಟ್ಟಿಸಬೇಡಿ.

#16 ಮಂಡ್ಯದ_ಮ್ಯೂಕಸ್
ಟೀರ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ ಕಣ್ರೀ. ಟೀರ್ ಅಳೆಯೋದು ಅಯಾನು ನುಸುಳೋದನ್ನ. ಸೋರಿಕೆಯಲ್ಲೂ ಬಗೆ ಇದೆ. ಐಎಲ್-13 ಅನ್ನೋ ಸೈಟೊಕೈನ್ ಹಾಕಿದ್ರೆ ಕ್ಲಾಡಿನ್-2 ಹೆಚ್ಚಾಗುತ್ತೆ, ಅದು ಸೋಡಿಯಂ, ನೀರು ಹಾಯೋ ಸಣ್ಣ ರಂಧ್ರ. ಟೀರ್ ದಬಾರ್ ಅಂತ ಬೀಳುತ್ತೆ, 4 ಕಿಲೊಡಾಲ್ಟನ್ ಡೆಕ್ಸ್‌ಟ್ರಾನ್ (ಹೊಳೆಯೋ ಬಣ್ಣ ಅಂಟಿಸಿದ ಸಕ್ಕರೆ ಸರಪಳಿ) ಮಾತ್ರ ಒಂದ್ ಚೂರೂ ದಾಟಲ್ಲ. ಟಿಎನ್‌ಎಫ್-ಎಂಎಲ್‌ಸಿಕೆ ದಾರಿ ಬೇರೆ, ಅಲ್ಲಿ ದೊಡ್ಡ ಅಣುಗಳೂ ನುಸುಳ್ತವೆ. ಮೂರನೇದು ಕೋಶ ಸತ್ತು ಬೀಳೋ ತೂತು, ಅಲ್ಲಿ ಬ್ಯಾಕ್ಟೀರಿಯಾನೇ ನುಗ್ಗುತ್ತೆ. ಮೂರಕ್ಕೂ ‘ಲೀಕಿ ಗಟ್’ ಅಂತ ಒಂದೇ ಹೆಸರಿಟ್ಟು ಮಾರ್ತಾರೆ.

#17 ಪಿಪೆಟ್_ಪುಟ್ಟ
ಡೆಕ್ಸ್‌ಟ್ರಾನ್ ಮಾಡಿದ್ದೇನೆ ಮೇಡಂ. ಪಿಬಿಎಸ್ ಬಫರಿನಲ್ಲಿ ಕರಗಿಸಿ ಎರಡು ಗಂಟೆ. ವಿಚಿತ್ರ ಅಂದ್ರೆ ಕಂಟ್ರೋಲ್ ಗುಳಿಯಲ್ಲೂ ಸುಮಾರು ದಾಟಿತ್ತು.

#18 ಹುಬ್ಬಳ್ಳಿ_ಹಿಸ್ಟೋ
ಅಯ್ಯ, ಪಿಬಿಎಸ್ಸಾ! ಮಾಮೂಲಿ ಪಿಬಿಎಸ್‌ನ್ಯಾಗ ಕ್ಯಾಲ್ಸಿಯಂ ಇರೂದಿಲ್ರಿ. ಕ್ಯಾಲ್ಸಿಯಂ ಇಲ್ಲಂದ್ರ ಕೋಶಗಳನ್ನ ಜೋಡಿಸಿ ಹಿಡಿಯೂ ಇ-ಕ್ಯಾಡ್ಹೆರಿನ್ ಕೈ ಬಿಡ್ತದ, ಅದರ ಹಿಂದ ಟೈಟ್ ಜಂಕ್ಷನ್ ಬಿಚ್ಚತಾವ. ನೀವ ನಿಮ್ಮ ಕೈಯಾರೆ ಪದರ ಸೋರಿಸೀರಿ. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಎರಡೂ ಇರೂ ಎಚ್‌ಬಿಎಸ್‌ಎಸ್ ಅನ್ನೂ ಉಪ್ಪಿನ ದ್ರಾವಣ ತಗೋರಿ, ಫೀನಾಲ್ ರೆಡ್ ಇಲ್ಲದ್ದು. ಆ ಬಣ್ಣ ಫ್ಲೋರೊಸೆನ್ಸ್ ಓದಿಗೆ ಅಡ್ಡ ಬರ್ತದ.

ಮ್ಯಾಲಿನ ಬದಿಗೆ ಮಿಲಿಲೀಟರಿಗೆ 1 ಮಿಲಿಗ್ರಾಂ ಡೆಕ್ಸ್‌ಟ್ರಾನ್. ಕೆಳಗಿನಿಂದ 30, 60, 90, 120 ನಿಮಿಷಕ್ಕ 100 ಮೈಕ್ರೋಲೀಟರ್ ತಗದು, ಅಷ್ಟೇ ಬೆಚ್ಚನ್ನ ಎಚ್‌ಬಿಎಸ್‌ಎಸ್ ವಾಪಸ್ ಹಾಕ್ರಿ. 485 ನ್ಯಾನೊಮೀಟರಿಗೆ ಬೆಳಕು ಕೊಟ್ಟು 530ರ ಆಸುಪಾಸಿನ್ಯಾಗ ಓದ್ರಿ. ಬಾಟ್ಲಿಯೊಳಗ ಡೆಕ್ಸ್‌ಟ್ರಾನಿಗೆ ಅಂಟದ ಬಿಡಿ ಬಣ್ಣ ಇರ್ತದ, ಅದು ಸಣ್ಣದು, ಸುಲಭ ದಾಟ್ತದ. ಹಳೇ ಬಾಟ್ಲಿ ಆದ್ರ ಡಯಾಲಿಸಿಸ್ ಮಾಡಿ ಬಳಸ್ರಿ.

ಪಾಸಿಟಿವ್ ಕಂಟ್ರೋಲಿಗೆ ಕ್ಯಾಲ್ಸಿಯಂ ಕಸಗೊಳ್ಳೂ ಇಜಿಟಿಎ, 5 ಮಿಲಿಮೋಲಾರ್, ಅರ್ಧ ತಾಸು. ಅದಕ್ಕೂ ಟೀರ್ ಬೀಳಲಿಲ್ಲಂದ್ರ ಮಾತ್ರ ಮೀಟರ್ ರಿಪೇರಿಗೆ ಕಳಸ್ರಿ.

#19 ತುಪ್ಪದೋಸೆ
ಇಷ್ಟೆಲ್ಲ ತಲೆನೋವು ಯಾಕ್ರೀ? ಸೋರುವ ಕರುಳಿಗೆ ತುಪ್ಪ ಇದೆಯಲ್ಲ, ಕರುಳಿಗೆ ಒಳ್ಳೇದು ಅನ್ನೋ ಕೊಬ್ಬಿನಾಮ್ಲ ಬ್ಯುಟಿರೇಟ್ ತುಂಬಿ ತುಳುಕುತ್ತೆ. ಅಜ್ಜಿಯರಿಗೆ ಗೊತ್ತಿತ್ತು.

#20 ಅಂಕಿಅಂಶ_ಅಯ್ಯ
ಲೆಕ್ಕ ಹಾಕೋಣ. ಒಂದು ದೊಡ್ಡ ಚಮಚ ತುಪ್ಪ ಸುಮಾರು 14 ಗ್ರಾಂ. ಅದರ ಕೊಬ್ಬಿನಾಮ್ಲದಲ್ಲಿ ಬ್ಯುಟಿರಿಕ್ ಶೇ. 3 ಅಂದ್ಕೊಳ್ಳಿ: 0.4 ಗ್ರಾಂ. ಅದೂ ಹೊಟ್ಟೆ, ಸಣ್ಣಕರುಳಿನಲ್ಲೇ ಲೈಪೇಸ್‌ನಿಂದ ಬಿಡಿಯಾಗಿ ಹೀರಿಹೋಗುತ್ತೆ. ದೊಡ್ಡಕರುಳಿಗೆ ಮುಟ್ಟೋದು ಹೆಸರಿಗಷ್ಟೆ.

ಅತ್ತ ದೊಡ್ಡಕರುಳಿನ ಬ್ಯಾಕ್ಟೀರಿಯಾ ನಾರಿನಿಂದ ದಿನಕ್ಕೆ ಹುಟ್ಟಿಸೋ ಕಿರುಸರಪಳಿ ಕೊಬ್ಬಿನಾಮ್ಲ ಅಂದಾಜು 500 ಮಿಲಿಮೋಲ್. ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಸುಮಾರು 60:20:20. ಬ್ಯುಟಿರೇಟ್ ಪಾಲು 100 ಮಿಲಿಮೋಲ್, ಅಂದ್ರೆ 9 ಗ್ರಾಂ ಹತ್ತಿರ. ಹುರುಳಿ, ಅವರೆ, ಸೊಪ್ಪು, ರಾಗಿ ತಿಂದವರ ಹೊಟ್ಟೆಯೊಳಗೇ ಇಪ್ಪತ್ತು ಚಮಚ ತುಪ್ಪದ ಬ್ಯುಟಿರೇಟ್ ತಯಾರಾಗ್ತಿದೆ, ಅದೂ ಬೇಕಾದ ಜಾಗದಲ್ಲೇ. ತುಪ್ಪ ದೋಸೆಗೆ ಹಾಕಿ, ರುಚಿಗೆ.

#21 ತುಪ್ಪದೋಸೆ
ತಂಗಳನ್ನ?

#22 ಅಂಕಿಅಂಶ_ಅಯ್ಯ
ಅದರಲ್ಲಿ ಹುರುಳಿದೆ. ಅನ್ನ ತಣಿದಾಗ ಪಿಷ್ಟದ ಒಂದಿಷ್ಟು ಭಾಗ ಮತ್ತೆ ಬಿಗಿಯಾಗಿ ಹೆಣೆದುಕೊಂಡು ಸಣ್ಣಕರುಳಲ್ಲಿ ಜೀರ್ಣವಾಗದೆ ಕೆಳಗೆ ಇಳಿಯುತ್ತೆ. ಆದ್ರೆ ಪ್ರಮಾಣ ಸಣ್ಣದು, ಬೇಳೆಕಾಳಿನ ಮುಂದೆ ಏನೂ ಅಲ್ಲ.

#23 ಸ್ಟ್ಯಾಟ್3
ಬ್ಯುಟಿರೇಟ್ ಬಗ್ಗೆ ಇನ್ನೊಂದು. ಅದು ಕೋಶಕ್ಕೆ ಸೌದೆಯೂ ಹೌದು, ಸಂಕೇತವೂ ಹೌದು. ಒಳಗೆ ಹೋಗಿ ಜೀನುಗಳನ್ನ ಮುಚ್ಚಿಡೋ ಕಿಣ್ವ ಹಿಸ್ಟೋನ್ ಡಿಅಸಿಟಿಲೇಸ್ ತಡೆಯುತ್ತೆ, ಹೊರಗಿನಿಂದ ಜಿಪಿಆರ್109ಎ ಗ್ರಾಹಕ ಮುಟ್ಟುತ್ತೆ. ಕೆಳಗಿರೋ ನಿಯಂತ್ರಕ ಟಿ ಕೋಶಗಳು ಬೆಳೆಯೋಕೂ ನೆರವು.

ಪುಟ್ಟ, ಇದನ್ನೂ ಪರೀಕ್ಷಿಸೋ ಮನಸ್ಸಿದ್ರೆ ಎಚ್ಚರ: ಕ್ಯಾಕೊ-2ಗೆ 2 ಮಿಲಿಮೋಲಾರ್ ಟೀರ್ ಏರಿಸುತ್ತೆ, 8ಕ್ಕೆ ಹೋದ್ರೆ ಕೋಶ ಸಾಯೋಕೆ ಶುರು, ಟೀರ್ ಬೀಳುತ್ತೆ. ‘ಒಳ್ಳೇದು ಹೆಚ್ಚಿದ್ದಷ್ಟೂ ಒಳ್ಳೇದು’ ಇಲ್ಲಿ ನಡೆಯಲ್ಲ. ಬ್ಯುಟಿರಿಕ್ ಆಮ್ಲ ಹಾಕಬೇಡಿ, ಮೀಡಿಯಂ ಹುಳಿಯಾಗುತ್ತೆ, ಕೋಣೆ ತುಂಬಾ ನಾತ. ಸೋಡಿಯಂ ಬ್ಯುಟಿರೇಟ್ ತಗೊಳ್ಳಿ, ಕಂಟ್ರೋಲಿಗೆ ಅಷ್ಟೇ ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್.

#24 ತಾಳ್ಮೆ_ಇಲ್ಲ
ಒಟ್ಟಾರೆ ಎನ್‌ಎಫ್-ಕಪ್ಪಾಬಿ ಅನ್ನೋನೇ ಖಳನಾಯಕ ತಾನೆ? ಪದರದಲ್ಲಿ ಅದನ್ನ ಪೂರ್ತಿ ಆಫ್ ಮಾಡಿದ್ರೆ ಉರಿಯೂತ ಖಲಾಸ್.

#25 ಕಡಲತಡಿ_ಸೈಟೊಕೈನ್
ಇಲ್ಲವೇ ಇಲ್ಲ. ಇದಕ್ಕೆ ಇಲಿಗಳೇ ಉತ್ತರ ಕೊಟ್ಟಿವೆ. ಟಿಎಲ್‌ಆರ್‌ಗಳ ಕೆಳಗಿನ ಕೊಂಡಿ ಎಂವೈಡಿ88 ಇಲ್ಲದ ಇಲಿಗೆ ಡಿಎಸ್‌ಎಸ್ (ಪದರಕ್ಕೆ ಗಾಯ ಮಾಡುವ ರಾಸಾಯನಿಕ) ಕುಡಿಸಿದರೆ ಕೊಲೈಟಿಸ್ (ದೊಡ್ಡಕರುಳಿನ ಉರಿಯೂತ) ಕಡಿಮೆ ಆಗ್ಬೇಕಿತ್ತು ಅಲ್ಲವಾ? ಆಗಲಿಲ್ಲ, ಮಾಮೂಲಿ ಇಲಿಗಿಂತ ಹೆಚ್ಚು ರಕ್ತಸ್ರಾವ, ಹೆಚ್ಚು ಸಾವು. 2004ರ ಕೆಲಸ ಅದು. ಪ್ರತಿಜೀವಕ ಕೊಟ್ಟು ಬ್ಯಾಕ್ಟೀರಿಯಾ ಕಳೆದ ಮಾಮೂಲಿ ಇಲಿಗೂ ಹಾಗೇ ಆಯಿತು. ಅಂದರೆ ಬ್ಯಾಕ್ಟೀರಿಯಾದಿಂದ ದಿನಾ ಬರುವ ಸಣ್ಣ ಸಂಕೇತವೇ ಪದರದ ರಿಪೇರಿ ಖಾತೆ ನಡೆಸ್ತಿತ್ತು.

2007ರಲ್ಲಿ ಇನ್ನೊಂದು ಪೆಟ್ಟು. ಕರುಳಿನ ಪದರದಲ್ಲಿ ಮಾತ್ರ ನೀಮೊ ತೆಗೆದರು, ಅಂದರೆ ಅಲ್ಲಿ ಎನ್‌ಎಫ್-ಕಪ್ಪಾಬಿ ದಾರಿ ಬಂದ್. ಏನೂ ಕೊಡದೆಯೇ ಇಲಿಗೆ ಕೊಲೈಟಿಸ್! ಪದರದ ಕೋಶಗಳು ಟಿಎನ್‌ಎಫ್ ತಾಗಿ ಸಾಯತೊಡಗಿದವು, ತೂತಿನಿಂದ ಬ್ಯಾಕ್ಟೀರಿಯಾ ನುಗ್ಗಿತು, ಕೆಳಗಿನ ಕೋಶಗಳು ರಂಪ ಮಾಡಿದವು.

#26 ಪದರ_ಪಂಡಿತ
ಇದಕ್ಕೆ ಸೇರಿಸೋದು ಒಂದು. ಸಂಕೇತ ಬಂದದ್ದು ಮುಖ್ಯ ಅಲ್ಲ, ಎಷ್ಟು ಹೊತ್ತಿಗೆ ಆರಿತು ಅನ್ನೋದು ಮುಖ್ಯ. ಐಕಪ್ಪಾಬಿ-ಆಲ್ಫಾ 15–30 ನಿಮಿಷದಲ್ಲಿ ಒಡೆಯುತ್ತೆ, ಎನ್‌ಎಫ್-ಕಪ್ಪಾಬಿ ನ್ಯೂಕ್ಲಿಯಸ್ಸಿಗೆ ಹೋಗಿ ಮೊದಲು ಹುಟ್ಟಿಸೋ ಪ್ರೋಟೀನುಗಳಲ್ಲಿ ಅದೇ ಐಕಪ್ಪಾಬಿಯೂ ಒಂದು. ಒಂದೂವರೆ ಗಂಟೆಯೊಳಗೆ ಹೊಸದು ಬಂದು ಬಾಗಿಲು ಹಾಕುತ್ತೆ. ಆರದೆ ಉಳಿದಾಗ ಕಾಯಿಲೆ.

ಅದಕ್ಕೇ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆ ಹಚ್ಚೋ ಪರೀಕ್ಷೆ) ಮಾಡೋರು 24 ಗಂಟೆಯ ಒಂದೇ ಮಾದರಿ ತಂದು ‘ಐಕಪ್ಪಾಬಿ ಬದಲಾಗಿಲ್ಲ’ ಅಂತ ಬರೆದ್ರೆ ನಗು ಬರುತ್ತೆ. 0, 15, 30, 60, 120 ನಿಮಿಷ ಬೇಕು. ಪ್ಲೇಟ್ ಐಸಿನ ಮೇಲೆ, ಲೈಸಿಸ್ ಬಫರಿಗೆ ಫಾಸ್ಫಟೇಸ್ ಇನ್‌ಹಿಬಿಟರ್ ಆ ಕ್ಷಣದಲ್ಲೇ. ಫಾಸ್ಫೊ-ಪಿ65 (ಎನ್‌ಎಫ್-ಕಪ್ಪಾಬಿಯ ಫಾಸ್ಫೇಟ್ ಅಂಟಿದ ಭಾಗ) ನೋಡೋರು ಬ್ಲಾಕಿಂಗಿಗೆ ಹಾಲಿನ ಪುಡಿ ಬಿಟ್ಟು ಬಿಎಸ್‌ಎ ಹಾಕಿ. ಹಾಲಿನ ಕೇಸೀನ್ ತಾನೇ ಫಾಸ್ಫೊಪ್ರೋಟೀನ್, ಹಿನ್ನೆಲೆ ಕಪ್ಪಾಗುತ್ತೆ. ಕಂಟ್ರೋಲ್ ಗುಳಿಯಲ್ಲೇ ಎನ್‌ಎಫ್-ಕಪ್ಪಾಬಿ ಎದ್ದು ಕೂತಿದ್ರೆ ಮೊದಲು ಮೈಕೊಪ್ಲಾಸ್ಮಾ (ಕೋಶಗಳಿಗೆ ಗೊತ್ತಾಗದೆ ಸೇರಿಕೊಳ್ಳೋ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ.

#27 ಗ್ಯಾಸ್ಟ್ರೋ_ಗಡಿಯಾರ
ವಾರ್ಡ್ ಕಡೆಯಿಂದ ಎರಡು ಮಾತು. ‘ತಡೆದರೆ ಗುಣ’ ಅನ್ನೋದನ್ನ ನಂಬಿ ಪೆಟ್ಟು ತಿಂದದ್ದು ಐಎಲ್-17 ಅನ್ನೋ ಸೈಟೊಕೈನ್ ವಿಷಯದಲ್ಲಿ. ಸೋರಿಯಾಸಿಸ್‌ಗೆ ಅದ್ಭುತವಾಗಿ ಕೆಲಸ ಮಾಡೋ, ಐಎಲ್-17 ತಡೆಯೋ ಸೆಕುಕಿನುಮ್ಯಾಬ್ ಅನ್ನು ಕ್ರೋನ್ಸ್‌ಗೆ ಕೊಟ್ಟು ನೋಡಿದ ಪ್ರಯೋಗ 2012ರಲ್ಲಿ ವರದಿಯಾಯ್ತು. ಫಲ ಇಲ್ಲ, ಕೆಲವರಿಗೆ ಇನ್ನೂ ಕೆಟ್ಟಿತು. ಕಾರಣ ಆಮೇಲೆ ಸ್ಪಷ್ಟವಾಯ್ತು: ಕರುಳಿನ ಪದರದಲ್ಲಿ ಐಎಲ್-17 ಆಕ್ಲೂಡಿನ್‌ನನ್ನ ಅದರ ಜಾಗದಲ್ಲಿ ಹಿಡಿದಿಡುತ್ತೆ. ಬೇಲಿ ಕಾಯೋನನ್ನೇ ಕಟ್ಟಿಹಾಕಿದ ಹಾಗಾಯ್ತು. ಅದೇ ಐಎಲ್-23 ತಡೆದರೆ ಕ್ರೋನ್ಸ್ ತಗ್ಗುತ್ತೆ (ಉಸ್ಟೆಕಿನುಮ್ಯಾಬ್, ರಿಸಾಂಕಿಜುಮ್ಯಾಬ್), ಯಾಕಂದ್ರೆ ಕರುಳಲ್ಲಿ ಐಎಲ್-17ನ ಒಂದು ಪಾಲು ಐಎಲ್-23ರ ಹಂಗಿಲ್ಲದೆ ಹುಟ್ಟುತ್ತೆ, ಅದು ಉಳಿಯುತ್ತೆ.

ಟಿಎನ್‌ಎಫ್ ಕೂಡ ಅಷ್ಟು ನೇರ ಇಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಕ್ರೋನ್ಸ್‌ಗೆ 1998ರಿಂದ ಇದೆ: ಕಿಲೋಗೆ 5 ಮಿಲಿಗ್ರಾಂ, 0, 2, 6ನೇ ವಾರ. ಎಟನರ್ಸೆಪ್ಟ್ ಕೂಡ ಟಿಎನ್‌ಎಫ್ ಹಿಡಿಯೋದೇ, ಕೀಲುವಾತಕ್ಕೆ ಒಳ್ಳೇದು, ಕ್ರೋನ್ಸ್‌ಗೆ ಕೆಲಸ ಮಾಡಲ್ಲ. ನಮ್ಮಲ್ಲಿ ಇವುಗಳಿಗೆ ಮುಂಚೆ ಎದೆ ಎಕ್ಸ್‌ರೇ, ಮಾಂಟೂ ಅಥವಾ ಇಗ್ರಾ (ಟಿಬಿ ಪರೀಕ್ಷೆಗಳು) ಕಡ್ಡಾಯ. ಅಡಗಿರೋ ಟಿಬಿಯ ಗ್ರಾನುಲೋಮ (ಸೋಂಕನ್ನ ಸುತ್ತುವರಿದ ಕೋಶಗಳ ಗಂಟು) ಹಿಡಿದಿಟ್ಟಿರೋದು ಟಿಎನ್‌ಎಫ್. ಇನ್ನು ಕರುಳಿನ ಟಿಬಿಯನ್ನೇ ಕ್ರೋನ್ಸ್ ಅಂದುಕೊಂಡು ಕೊಟ್ರಂತೂ ಅನಾಹುತ.

#28 ತುಪ್ಪದೋಸೆ
ಡಾಕ್ಟ್ರೇ, ಪ್ಯಾಕೇಜ್ ಚೆಕಪ್‌ಗಳಲ್ಲಿ ‘ಜೋನ್ಯುಲಿನ್ ಟೆಸ್ಟ್’ ಅಂತ ಬರ್ತಿದೆ. ಮಾಡಿಸಬಹುದಾ?

#29 ಗ್ಯಾಸ್ಟ್ರೋ_ಗಡಿಯಾರ
ದುಡ್ಡು ಉಳಿಸಿಕೊಳ್ಳಿ. ಜಂಕ್ಷನ್ ಸಡಿಲಿಸುತ್ತೆ ಅನ್ನೋ ಜೋನ್ಯುಲಿನ್ ಅಂದ್ರೆ ಪ್ರೀ-ಹ್ಯಾಪ್ಟೊಗ್ಲೋಬಿನ್-2 ಅಂತ 2009ರಲ್ಲಿ ಗುರುತಿಸಿದರು. ಮಾರುಕಟ್ಟೆಯ ಎಲೈಸಾ ಕಿಟ್‌ಗಳನ್ನ ಪರೀಕ್ಷಿಸಿದಾಗ ಅವು ಹಿಡೀತಿದ್ದದ್ದು ಆ ಪ್ರೋಟೀನನ್ನೇ ಅಲ್ಲ. ಹ್ಯಾಪ್ಟೊಗ್ಲೋಬಿನ್ 1-1 ಜೀನ್ ಇರೋರಲ್ಲಿ ಜೋನ್ಯುಲಿನ್ ಹುಟ್ಟೋದೇ ಇಲ್ಲ, ಅವರಿಗೂ ರಿಪೋರ್ಟಿನಲ್ಲಿ ನಂಬರ್ ಬರುತ್ತೆ! ಆ ದಾರಿ ತಡೆಯೋಕೆ ಅಂತ ಮಾಡಿದ ಲಾರಜೊಟೈಡ್‌ನ ಮೂರನೇ ಹಂತದ ಸೀಲಿಯಾಕ್ (ಗೋಧಿಯ ಗ್ಲೂಟೆನ್ ಒಗ್ಗದ ಕಾಯಿಲೆ) ಪ್ರಯೋಗವೂ 2022ರಲ್ಲಿ ನಿಂತಿತು.

ಉರಿಯೂತ ಇದೆಯಾ ಅಂತ ತಿಳೀಬೇಕಾದ್ರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ರೆ ದೊಡ್ಡವರಲ್ಲಿ ನಿರಾಳ, 250 ದಾಟಿದ್ರೆ ಎಂಡೋಸ್ಕೋಪಿ ಮಾತು. ನೋವಿನ ಮಾತ್ರೆ ನುಂಗ್ತಿದ್ರೆ ಅದೇ ಸಂಖ್ಯೆ ಏರಿಸುತ್ತೆ, ಮೊದಲೇ ಡಾಕ್ಟರಿಗೆ ಹೇಳಿ. ಪುಟ್ಟ ಮಕ್ಕಳಲ್ಲಿ ಸಹಜವಾಗೇ ಹೆಚ್ಚಿರುತ್ತೆ.

#30 ಹುಬ್ಬಳ್ಳಿ_ಹಿಸ್ಟೋ
ಸೋರಿಕೆ ನೇರ ಅಳೀಬೇಕಂದ್ರ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಅನ್ನೂ ಎರಡು ಸಕ್ಕರಿ ಪರೀಕ್ಷೆ ಐತಿ. ಕುಡಿಸಿ ಐದು ತಾಸಿನ ಮೂತ್ರ ಕೂಡಿಡಬೇಕು. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ತಿಂದಿದ್ರ ಅದರಾಗಿನ ಮ್ಯಾನಿಟಾಲೇ ಲೆಕ್ಕ ಕೆಡಿಸ್ತದ. ಅದಕ್ಕ ಈಗ ಕಾರ್ಬನ್-13 ಗುರುತು ಇರೂ ಮ್ಯಾನಿಟಾಲ್ ಬಳಸ್ತಾರ.

#31 ಮಲೆನಾಡ_ಮೈಕ್ರೋಬ್
ಕ್ರೋನ್ಸ್ ಅಂದ್ರೆ ಎನ್‌ಒಡಿ2 ಜೀನು ಅಂತ 2001ರಿಂದ ಪಠ್ಯಪುಸ್ತಕದಲ್ಲಿದೆ. ಯುರೋಪಿನವರಲ್ಲಿ ಕಾಣೋ ಆ ಮೂರು ರೂಪಾಂತರ ಭಾರತೀಯ ರೋಗಿಗಳಲ್ಲಿ ಬಲು ಅಪರೂಪ. ಆದ್ರೂ ಇಲ್ಲಿ ಕ್ರೋನ್ಸ್ ಹೆಚ್ಚುತ್ತಲೇ ಇದೆ. ಜೀನಿನ ಪಟ್ಟಿಯನ್ನ ಹಾಗೇ ಎತ್ತಿ ಇಲ್ಲಿಗೆ ತರಬೇಡಿ.

ಇನ್ನೊಂದು, ವಿಷಯಾಂತರ ಆದ್ರೂ ಆಗ್ಲಿ. ಬಾಯಿಂದ ಹಾಕೋ ರೋಟಾವೈರಸ್ ಲಸಿಕೆ ಶ್ರೀಮಂತ ದೇಶಗಳಲ್ಲಿ ಶೇ. 85ರ ಮೇಲೆ ಕೆಲಸ ಮಾಡುತ್ತೆ, ನಮ್ಮ ರೋಟಾವ್ಯಾಕ್ ಪ್ರಯೋಗದಲ್ಲಿ ಮೊದಲ ವರ್ಷ ಸಿಕ್ಕಿದ್ದು ಸುಮಾರು 56. ಲಸಿಕೆ ಕಳಪೆ ಅಂತಲ್ಲ, ಬೇರೆ ಲಸಿಕೆಗಳೂ ಬಡ ದೇಶಗಳಲ್ಲಿ ಹಾಗೇ. ಪದೇ ಪದೇ ಸೋಂಕು ತಿಂದು ವಿಲ್ಲೈ (ಕರುಳಿನ ಒಳಗಿನ ಬೆರಳಿನಂಥ ಚಾಚುಗಳು) ಮೊಂಡಾಗಿ, ಪದರ ಸೋರಿ, ಕೆಳಗೆ ಸದಾ ಸಣ್ಣ ಉರಿಯೂತ ಇರೋ ಕರುಳು ಒಂದು ಕಾರಣ ಅಂತಾರೆ, ತಾಯಿಯಿಂದ ಬಂದ ಪ್ರತಿಕಾಯ ಇನ್ನೊಂದು. ಅಂದಹಾಗೆ ರೋಟಾವ್ಯಾಕ್‌ನ 116ಇ ತಳಿ ದೆಹಲಿಯ ನವಜಾತ ಶಿಶುಗಳಿಂದ ಸಿಕ್ಕಿದ್ದು. ಅದರ ಜೊತೆ ಪೈಪೋಟಿಯಲ್ಲಿದ್ದ ಐ321 ನಮ್ಮ ಬೆಂಗಳೂರಿನದ್ದು.

#32 ಮಂಡ್ಯದ_ಮ್ಯೂಕಸ್
ಎಲ್ಲಾ ಆಯ್ತು, ಲೋಳೆ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ! ಕ್ಯಾಕೊ-2 ಪದರದ ಮೇಲೆ ಲೋಳೆನೇ ಇಲ್ಲ. ನಿಜವಾದ ದೊಡ್ಡಕರುಳಲ್ಲಿ ಒಳಗಿನ ಲೋಳೆಪದರ ಬ್ಯಾಕ್ಟೀರಿಯಾನ ಕೋಶದ ಹತ್ರ ಬಿಡಲ್ಲ. ಲೋಳೆ ಬೇಕಾದ್ರೆ ಎಚ್‌ಟಿ29-ಎಂಟಿಎಕ್ಸ್ ಅನ್ನೋ ಲೋಳೆ ಸುರಿಸೋ ಕೋಶ ಬೆರೆಸಿ, ಕ್ಯಾಕೊ-2 ಒಂಬತ್ತಕ್ಕೆ ಅದು ಒಂದು. ಟೀರ್ ಒಂದಷ್ಟು ಕಮ್ಮಿ ಬರುತ್ತೆ, ಗಾಬರಿ ಬೀಳ್ಬೇಡಿ.

ಅಂಗಾಂಶ ಸೆಕ್ಷನ್ ಮಾಡೋರು ಫಾರ್ಮಲಿನ್‌ಗೆ ಹಾಕಿ ‘ಲೋಳೆ ಕಾಣ್ತಿಲ್ಲ’ ಅಂತಾರೆ. ನೀರಿನ ಫಿಕ್ಸೇಟಿವ್‌ನಲ್ಲಿ ಅದು ಕುಸಿದು ಹೋಗುತ್ತೆ. ಮೆಥನಾಲ್-ಕಾರ್ನಾಯ್ ಬೇಕು: ಮೆಥನಾಲ್ 60, ಕ್ಲೋರೊಫಾರ್ಮ್ 30, ಅಸಿಟಿಕ್ ಆಮ್ಲ 10. ಮಲ ಒಳಗಿದ್ದ ಹಂಗೇ ಹಾಕಿ, ತೊಳೆಯೋ ಹುಚ್ಚು ಬೇಡ.

#33 ತಾಳ್ಮೆ_ಇಲ್ಲ
ಕ್ಯಾಕೊ-2 ಕ್ಯಾನ್ಸರ್ ಕೋಶ ತಾನೆ? ಆರ್ಗನಾಯ್ಡ್‌ಗೇ (ಕಾಂಡಕೋಶದಿಂದ ಬೆಳೆಸಿದ ಪುಟಾಣಿ ಕರುಳು) ಹೋಗಿಬಿಡಿ, ಈ ಎಲ್ಲ ರಗಳೆ ಇರಲ್ಲ.

#34 ಸ್ಟ್ಯಾಟ್3
ಬೇರೆ ರಗಳೆ ಇರುತ್ತೆ. ಮ್ಯಾಟ್ರಿಜೆಲ್ ಅನ್ನೋ ಜೆಲ್ಲಿನಲ್ಲಿ ಬೆಳೆಯೋ ಆರ್ಗನಾಯ್ಡ್ ಮುಚ್ಚಿದ ಗೋಳ, ಮೇಲ್ಬದಿ ಒಳಗೆ. ಹೊರಗಿನ ಮೀಡಿಯಂಗೆ ಎಲ್‌ಪಿಎಸ್, ಫ್ಲಾಜೆಲಿನ್ ಹಾಕಿದ್ರೆ ತಾಗೋದು ಕೆಳಬದಿಗೆ. ಇದನ್ನ ಮರೆತು ‘ಲ್ಯೂಮೆನ್ ಬ್ಯಾಕ್ಟೀರಿಯಾಗೆ ಪದರ ಹೀಗೆ ಸ್ಪಂದಿಸುತ್ತೆ’ ಅಂತ ಬರೆದ್ರೆ ಮೇಲೆ 10ನೇ ಪೋಸ್ಟ್‌ನಲ್ಲಿ ಹೇಳಿದ್ದೆಲ್ಲ ತಲೆಕೆಳಗು. ಆರ್ಗನಾಯ್ಡ್ ಒಡೆದು ಟ್ರಾನ್ಸ್‌ವೆಲ್ ಮೇಲೆ ಚಪ್ಪಟೆ ಪದರ ಮಾಡಬಹುದು, ಬಿಡಿ ಕೋಶ ಮಾಡಿದ ಮೊದಲ ಎರಡು ದಿನ ವೈ-27632, 10 ಮೈಕ್ರೋಮೋಲಾರ್, ಇಲ್ಲಾಂದ್ರೆ ಸಾಯ್ತವೆ. ಖರ್ಚು ಕೇಳಿದ್ರೆ ಪುಟ್ಟನ ಗೈಡ್‌ಗೆ ಎದೆ ಹೊಡ್ಕೊಳ್ಳುತ್ತೆ.

#35 ಪಿಪೆಟ್_ಪುಟ್ಟ
ಎಲ್ಲರಿಗೂ ತುಂಬಾ ಧನ್ಯವಾದ. ಈಗಿನ ಪ್ಲಾನ್: ಎಲ್‌ಪಿಎಸ್ ಬಿಟ್ಟೆ. ಗುಂಪುಗಳು: ಏನೂ ಹಾಕದ್ದು, ಟಿಎನ್‌ಎಫ್ ಮಾತ್ರ, ಇಂಟರ್‌ಫೆರಾನ್ ಆಮೇಲೆ ಟಿಎನ್‌ಎಫ್, ಅದಕ್ಕೇ ಎಂಎಲ್-7, ಎಂಎಲ್-7 ಮಾತ್ರ, ಇಜಿಟಿಎ. ಮೂರು ಮೂರು ಗುಳಿ. ಟೀರ್ ಆದ್ಮೇಲೆ ಕ್ಯಾಲ್ಸಿಯಂ ಇರೋ ಎಚ್‌ಬಿಎಸ್‌ಎಸ್‌ನಲ್ಲಿ ಡೆಕ್ಸ್‌ಟ್ರಾನ್, ಕೆಳಗಿನ ಮೀಡಿಯಂನಲ್ಲಿ ಐಎಲ್-8 ಮತ್ತು ಎಲ್‌ಡಿಎಚ್.

#36 ಸ್ಟ್ಯಾಟ್3
ಇಂಟರ್‌ಫೆರಾನ್ ಮಾತ್ರ ಹಾಕಿದ ಗುಂಪು ಬಿಟ್ಟಿದ್ದೀರಿ. ಅದಿಲ್ಲದೆ ‘ಎರಡೂ ಬೇಕು’ ಅಂತ ಹೇಳೋಕಾಗಲ್ಲ.

#37 ಅಂಕಿಅಂಶ_ಅಯ್ಯ
ಏಳು ಗುಂಪು, ಮೂರು ಮೂರು, 21. ಖಾಲಿ ಇನ್ಸರ್ಟ್ ಒಂದು, 22. ಎರಡು ಪ್ಲೇಟಲ್ಲಿ 24. ಉಳಿದ ಎರಡರಲ್ಲಿ ಒಂದು ಕಂಟ್ರೋಲ್, ಒಂದು ಇಂಟರ್‌ಫೆರಾನ್-ಟಿಎನ್‌ಎಫ್ ಮಾಡಿ ಆಕ್ಲೂಡಿನ್ ಬಣ್ಣ ಹಾಕೋಕೆ ಇಟ್ಕೊಳ್ಳಿ. ಮತ್ತೆ ಎಲ್ಲ ಕಂಟ್ರೋಲ್‌ನ ಒಂದೇ ಪ್ಲೇಟಲ್ಲಿ ಗುಡ್ಡೆ ಹಾಕಬೇಡಿ, ಎರಡಕ್ಕೂ ಹಂಚಿ.

#38 ಹುಬ್ಬಳ್ಳಿ_ಹಿಸ್ಟೋ
ಖಾಲಿ ಇನ್ಸರ್ಟನ್ನೂ 21 ದಿನ ಮೀಡಿಯಂನ್ಯಾಗ ಇಡ್ರಿ ಮತ್ತ. ಅವತ್ತ ಪೊಟ್ಟಣ ಒಡದು ಒಣಾದು ಇಟ್ರ ಓದು ಬ್ಯಾರೆನೇ ಬರ್ತದ.